ಒಂದೇ ಅಚ್ಚಿನ ಅವಳಿ, ಬೇರೆ ಬೇರೆ ಕಣ್ಣು

"ನಾವಿಬ್ರೂ ಒಂದೇ ಅಚ್ಚಿನ ಅವಳಿ ಅಂದ್ಮೇಲೆ, ನಿನಗೆ ಕಾಣೋ ಕೆಂಪು ಹಸಿರು ನನಗ್ಯಾಕೆ ಕಾಣಲ್ಲ?"

ಕಣ್ಣಾಸ್ಪತ್ರೆಯಲ್ಲಿ ಔಷಧಿ ಬಿಡಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ನನಗೆ ಕಿವಿಯೇ ಗತಿ. ಪಕ್ಕದಲ್ಲಿ ಯಾರೋ ಅಕ್ಕ, ತಂಗಿ.

"ಡಾಕ್ಟ್ರು ಹೇಳಿದ್ದು ಕೇಳಿಸ್ಕೊಳ್ಳಲಿಲ್ವಾ ಅಕ್ಕ? ಹೆಣ್ಮಕ್ಕಳಿಗೆ ಎಕ್ಸ್ ಕ್ರೋಮೋಸೋಮು ಎರಡು. ಅಪ್ಪನದೊಂದು, ಅಮ್ಮನದೊಂದು. ಹೊಟ್ಟೇಲಿರುವಾಗ್ಲೇ ಪ್ರತಿ ಜೀವಕೋಶವೂ ಅದರಲ್ಲೊಂದರ ಬಾಯಿ ಮುಚ್ಚಿಸುತ್ತೆ."

"ಬಣ್ಣ ಕಾಣದಿದ್ದದ್ದು ಅಪ್ಪನಿಗೆ."

"ಹೂಂ. ನಿನ್ನ ಕಣ್ಣಲ್ಲಿ ಹೆಚ್ಚಾಗಿ ಅಮ್ಮನದರ ಬಾಯಿ ಮುಚ್ಚಿ, ಅಪ್ಪನದೇ ಕೆಲಸ ಮಾಡ್ತಿದೆ. ನನ್ನ ಕಣ್ಣಲ್ಲಿ ಅಪ್ಪನದರ ಬಾಯಿ ಮುಚ್ಚಿದೆ."

"ನೋಡು, ಹುಟ್ಟೋ ಮೊದ್ಲೇ ತಪ್ಪು ಆರಿಸ್ಕೊಂಡೋಳು ನಾನು. ಆಮೇಲೆ ಗಂಡನ್ನೂ ತಪ್ಪಾಗಿ ಆರಿಸಿದ್ದರಲ್ಲಿ ಏನಾಶ್ಚರ್ಯ?"

"ಭಾವನ್ನ ಯಾಕೆ ಮಧ್ಯೆ ಎಳೀತೀಯ?"

"ಕಂದು ಕೋಟನ್ನ ಹಸಿರು ದಾರದಲ್ಲಿ ಹೊಲಿದು, ಮ್ಯಾಚಿಂಗ್ ಹೇಗಿದೆ ಅಂತ ಗಿರಾಕಿನ್ನೇ ಕೇಳಿದ ಮಹಾತಾಯಿ ನಾನು. ಇನ್ಮೇಲೆ ನಮ್ಮ ಟೈಲರಿಂಗ್ ಅಂಗಡಿ ನೀನೊಬ್ಳೇ ನೋಡ್ಕೋ."

"ನನ್ನ ಕೈಗೆ ಕತ್ತರಿ ಕೊಟ್ರೆ ಎರಡೂ ತೋಳು ಎಡಗೈಯದೇ ಆಗುತ್ತೆ. ಕಟಿಂಗು, ಹೊಲಿಗೆ ನಿಂದೇ. ದಾರ ಮಾತ್ರ ನಾನು ಆರಿಸ್ತೀನಿ."



"ಹಸಿರು ಗೆರೆ ಹಿಡ್ಕೊಂಡು ಹೋಗಿ, ರಿಪೋರ್ಟ್ ಕೊಡೋ ರೂಮು ಸಿಗುತ್ತೆ," ಎಂದು ನರ್ಸು ಅವರಿಬ್ಬರಿಗೆ ಕೂಗಿ ಹೇಳಿದರು.

ನಾನು ಕಣ್ಣು ಬಿಟ್ಟೆ. ನೆಲದ ಮೇಲೆ ಕೆಂಪು ಗೆರೆ ಒಂದು, ಹಸಿರು ಗೆರೆ ಒಂದು. ತಂಗಿ ಹಸಿರಿನ ಮೇಲೆ ಮುಂದೆ ನಡೆದಳು. ಅಕ್ಕ ಎರಡೂ ಗೆರೆ ನೋಡಿ, ಅವಳ ಹಿಂದೆಯೇ ಹೊರಟಳು.