ಅವು ಕೋಳಿಗಳಲ್ಲ, ಸರ್

ಮಾನ್ಯ ಅಧ್ಯಕ್ಷರೇ, ನನ್ನ ಕಿರುಪುಸ್ತಕವನ್ನು ಈಗಷ್ಟೇ ಬಿಡುಗಡೆ ಮಾಡಿದ ಮುಖ್ಯ ಅತಿಥಿಗಳೇ, ಗುರುಗಳೇ, ಉಪ್ಪಿಟ್ಟಿನ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ನಾನು ಶೈಲಶ್ರೀ, ಶಲವಡಿಯವಳು, ಬಿ.ಎ. ಮೊದಲ ವರ್ಷ. ಈ ವಾರ್ಷಿಕೋತ್ಸವದ ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿ ಬೆಳೆದವಳು; ಕನ್ನಡದೊಳಗೆ ಇಂಗ್ಲಿಷ್ ನುಸುಳಿದರೆ ಸಾರಿ.

ಮೊದಲಿಗೆ ಮುಖ್ಯ ಅತಿಥಿಗಳಿಗೆ ವಂದನೆ. ಮುಖಪುಟವನ್ನು ಎತ್ತಿ ಹಿಡಿದು ಅವರು, "ಈ ಜೋಡಿ ಕೋಳಿ ನಮ್ಮ ಗ್ರಾಮೀಣ ಬದುಕಿನ ಸಮೃದ್ಧಿ" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಆದರೆ ಅವು ಕೋಳಿಗಳಲ್ಲ, ಸರ್. ನವಿಲುಗಳು. ಹಾಗಾದರೆ ಗರಿ ಎಲ್ಲಿ ಎನ್ನುತ್ತೀರಾ? ಎರಡೂ ಹೆಣ್ಣು. ಅದಕ್ಕೇ ಗರಿ ಇಲ್ಲ.

ಇಷ್ಟು ಹೇಳಿ ಮುಂದಿನ ಹೆಸರಿಗೆ ಹೋಗಬೇಕು, ಹಾಳೆಯಲ್ಲಿ ಹಾಗೇ ಬರೆದುಕೊಂಡಿದ್ದೇನೆ. ಮುಂದಿನದು ಚಿತ್ರ ಬಿಡಿಸಿದವಳ ಹೆಸರು. ಹೇಳುವುದಿಲ್ಲ. "ಹೆಸರು ಹಾಕಬ್ಯಾಡ ಬೇ, ನವಿಲು ಅದಾವಲ್ಲ, ಸಾಕು" ಎಂದಿದ್ದಾಳೆ.

ನವಲಗುಂದದಲ್ಲಿ ಪಿಯುಸಿ ಓದುವಾಗ ನನ್ನ ಬಾಜು ಕುಳಿತವಳು. ಭಾನುವಾರ ಹಾಸ್ಟೆಲಿನಿಂದ ಪರವಾನಗಿ ಪಡೆದು ಅವಳ ಮನೆಗೆ ಹೋಗುತ್ತಿದ್ದೆ. ತಾಯಿ ಜಮಖಾನ ನೇಯುತ್ತಾರೆ. ನಾನು ಚಾಚಿ ಎನ್ನುತ್ತೇನೆ. ಆ ಮನೆಯಲ್ಲೊಂದು ಪದ್ಧತಿ: ನೇಯ್ಗೆಯನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಇನ್ನೊಂದು ಮನೆಗೆ ಹೋಗುವವಳು, ಜೊತೆಗೆ ಕಸುಬೂ ಹೋದೀತೆಂಬ ಭಯ. ಹೀಗಾಗಿ ಮಗ್ಗದ ಮುಂದೆ ಅವಳ ಅತ್ತಿಗೆ. ಹೊಸ್ತಿಲಲ್ಲಿ ನೋಡುತ್ತ ಅವಳು. ಅವಳ ಪಕ್ಕ ನಾನು.

ಅವಳ ಕೈ ಸುಮ್ಮನಿರುತ್ತದೆಯೇ? ಮಗ್ಗದ ಕೆಳಗೆ ಬಿದ್ದ ನೂಲಿನ ತುಂಡುಗಳನ್ನು ಆರಿಸಿ ನನ್ನ ಪದ್ಯಗಳ ಝೆರಾಕ್ಸ್ ಹಾಳೆಗಳನ್ನು ಹೊಲಿದಳು. ನಮ್ಮ ಮೊದಲ ಪುಸ್ತಕ ಹುಟ್ಟಿದ್ದು ಹಾಗೆ. ಪ್ರಕಾಶಕರು ಯಾರೆಂದು ಕೇಳಿದಿರಿ ಸರ್. ಹೊಸ್ತಿಲು ಎಂದುಕೊಳ್ಳಿ.

ಒಂದು ಭಾನುವಾರ ಧೈರ್ಯ ಮಾಡಿ ಕೇಳಿದೆ. "ಚಾಚಿ, ನನಗರ ಕಲಸ್ರಿ."

"ಸೊಸಿಗಷ್ಟ ಕಲಸೂದು ಬೇ."

"ಹಂಗಾರ ಸೊಸಿ ಆಗ್ತೀನ್ರಿ."

ಚಾಚಿ ಬಿದ್ದು ಬಿದ್ದು ನಕ್ಕರು. "ಹುಚ್ಚಿ! ಇರೂದ ಒಬ್ಬ ಮಗ, ಅವನ ಮದುವಿ ಆಗಿ ಹೋತಲ್ಲ!" ಮಗ್ಗದಿಂದ ಅತ್ತಿಗೆ, "ಯಾಕ, ನನ್ನ ಸವತಿ ಆಗ್ತೀಯೇನ ಬೇ?" ಎಂದಳು.

ನನ್ನ ಮನಸ್ಸಿನಲ್ಲಿ ಮಗ ಇರಲಿಲ್ಲ. ನಾನು ಹೊಸ್ತಿಲ ಕಡೆ ನೋಡುತ್ತಿದ್ದೆ. ನನ್ನ ಕಣ್ಣು ಹೋದ ಕಡೆಗೇ ಚಾಚಿಯ ಕಣ್ಣೂ ಹೋಯಿತು. ನಗು ನಿಂತಿತು. ಅಲ್ಲಿದ್ದವಳು ತಲೆ ತಗ್ಗಿಸಿದಳು. ಬೈಗುಳ ಬರುತ್ತದೆ ಎಂದುಕೊಂಡೆ. ಚಾಚಿ ಅಗದಿ ಮೆತ್ತಗೆ, "ಚಾ ಕುಡದು ಹೋಗವಾ. ಹಾಸ್ಟೆಲ್ ಗೇಟ್ ಹಾಕ್ತಾರ" ಎಂದರು. ಆಗ ಇನ್ನೂ ಮಧ್ಯಾಹ್ನ.

ಬರಬೇಡ ಎಂದು ಯಾರೂ ಹೇಳಲಿಲ್ಲ. ನಾನೇ ಹೋಗಲಿಲ್ಲ. ಪಿಯುಸಿ ಮುಗಿಸಿ ಇಲ್ಲಿ ಅಣ್ಣಿಗೇರಿಗೆ ಬಂದೆ. ಈ ಪುಸ್ತಕಕ್ಕೆ ಚಿತ್ರ ಬೇಕೆಂದು ಫೋನ್ ಮಾಡಿದಾಗ ಅವಳು ಬೇರೇನೂ ಕೇಳಲಿಲ್ಲ. "ಒಂದಕ್ಕ ಗರಿ ಬಿಡಸಲೇನ?" ಎಂದಳು.

"ಬ್ಯಾಡ" ಎಂದೆ.

"ನನಗೂ ಹಂಗ ಅನಿಸಿತ್ತು" ಎಂದಳು. ಎರಡು ದಿನಕ್ಕೆ ನವಿಲುಗಳು ನವಲಗುಂದದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂದವು.

ಅತಿಥಿಗಳು ಇದನ್ನು ಗೆಳೆತನದ ಪುಸ್ತಕ ಎಂದರು. ಗೆಳೆತನ ದೊಡ್ಡದು, ನಿಜ. ಆದರೆ ಗೆಳತಿಯ ಮನೆಗೆ ಯಾರಾದರೂ ಸೊಸೆಯಾಗಿ ಹೋಗಲು ಹಂಬಲಿಸುತ್ತಾರೆಯೇ? ನಾನು ಹಂಬಲಿಸಿದೆ. ಈಗಲೂ ಹಂಬಲಿಸುತ್ತಿದ್ದೇನೆ. ಅವಳನ್ನು ಪ್ರೀತಿಸುತ್ತೇನೆ. ಆಕ್ಚುಯಲಿ, ಇದು ಹಾಳೆಯಲ್ಲಿ ಇರಲಿಲ್ಲ.

ಇನ್ನೂ ಮೈಕ್ ಬಂದ್ ಮಾಡದ ತಿರಕಪ್ಪ ಕಾಕಾ ಅವರಿಗೆ ವಂದನೆ. ಝೆರಾಕ್ಸ್ ಮಾಡಿಕೊಟ್ಟರೂ ಓದಿ ನೋಡದ ಅಂಗಡಿಯವರಿಗೆ ವಂದನೆ. ಮುಂದಿನ ಸಾಲಿನಲ್ಲಿ ನಗುವುದನ್ನು ನಿಲ್ಲಿಸಿದ ನನ್ನ ಕ್ಲಾಸಿನವರಿಗೆ ವಂದನೆ.

ಪುಸ್ತಕಗಳು ಬಾಗಿಲ ಬಳಿ ಮೇಜಿನ ಮೇಲಿವೆ, ಒಂದೊಂದು ತೆಗೆದುಕೊಳ್ಳಿ. ನಾನೇ ಹೊಲಿದದ್ದು, ಹೊಲಿಗೆ ವಕ್ರವಾಗಿದೆ. ಬಿಡಿ ಹಾಳೆಗಳಾಗಿಯೇ ಉಳಿದ ಒಂದು ಪ್ರತಿ ಇದೆ. ಅದನ್ನು ಮಾತ್ರ ಮುಟ್ಟಬೇಡಿ. ಅದನ್ನು ಹೊಲಿಯುವವಳಿಗೆ ಹೇಳಿ ಕಳಿಸಿದ್ದೇನೆ. ನವಲಗುಂದದ ಬಸ್ಸು ಇನ್ನೂ ಬಂದಿಲ್ಲವಂತೆ. ಬಂದರೂ ಅದರಲ್ಲಿ ಅವಳು ಇರುತ್ತಾಳೆಂದು ಯಾರೂ ಮಾತು ಕೊಟ್ಟಿಲ್ಲ. ನೀವೆಲ್ಲ ಊಟಕ್ಕೆ ಹೋಗಿ. ನಾನು ಮೇಜಿನ ಹತ್ತಿರ ಇರುತ್ತೇನೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ ವಂದನೆ. ನಮಸ್ಕಾರ.