ಈ ಚೆರ್ರಿ ಒಣಗಿದೆಯಾ, ನೋಡಿ ಹೇಳಿ

...ನಗಬೇಡ. ಪರೀಕ್ಷೆ ನಡೆಯುವಾಗ ನಕ್ಕವರಿಗೆ ನಾನು ಅಂಕ ಕೊಟ್ಟವಳಲ್ಲ, ಅದು ನಿನಗೂ ಗೊತ್ತು. ಎರಡು ವರ್ಷ ನನ್ನ ಕೈಕೆಳಗೆ ತರ್ಕಶಾಸ್ತ್ರ ಓದಿದವಳು ನೀನು. ಒಂದು ಲೋಟ ನೀರು ತರಲು ಇಷ್ಟು ಹೊತ್ತೇ, ನೇತ್ರಾವತಿ? ಬಾವಿ ತೋಡುತ್ತಿದ್ದೆಯೇನು?... ಸರಿ, ಇಲ್ಲಿಡು. ಕೂತುಕೋ. ಹೊಲಿಗೆ ಮಿಷನ್ ತುಳಿ, ನಿಲ್ಲಿಸಬೇಡ. ಆ ಸದ್ದು ಇರಲಿ. ನಾನು ಹೇಳುತ್ತಿರುವುದು ಎದುರಿನ ಬಸ್‌ಸ್ಟ್ಯಾಂಡಿಗೆ ಕೇಳಿಸಬಾರದು.

ಹೌದು, ಪರೀಕ್ಷೆ! ಇವತ್ತು ಬೆಳಗಿನಿಂದ ಇಡೀ ಆಲೂರಿಗೆ ಪರೀಕ್ಷೆ ಮಾಡುತ್ತಿದ್ದೇನೆ, ಯಾರಿಗೂ ತಿಳಿಸದೆ. ಶುಕ್ರವಾರ ಸಕಲೇಶಪುರದವರು ನಮ್ಮಿಂದ ಕಲಿಯಲು ಬರುತ್ತಾರಲ್ಲ? ಮರೆವಿನ ಕಾಯಿಲೆಯವರನ್ನು ಒಂದು ಊರು ಹೇಗೆ ನೋಡಿಕೊಳ್ಳಬಹುದು, ಅಂಗಡಿಯವರೂ ಆಟೋದವರೂ ದರ್ಜಿಗಳೂ ಸೇರಿ ಏನು ಮಾಡಬಹುದು ಎಂದು ವೇದಿಕೆ ಹತ್ತಿ ಹೇಳಬೇಕಾದವಳು ನಾನು. ಹೇಳುವ ಮೊದಲು ನೋಡಬೇಡವೇ, ನಮ್ಮವರು ಕಲಿತಿದ್ದಾರೋ ಇಲ್ಲವೋ? ಅದಕ್ಕೇ ಮನೆಯಿಂದ ಹೊರಟೆ. ದಾರಿ ತಪ್ಪಿದವಳ ಹಾಗೆ, ಬಸ್‌ಸ್ಟ್ಯಾಂಡಿನಲ್ಲಿ, ಸುಮ್ಮನೆ, ಅತ್ತ ಇತ್ತ... ಏನು ಹಾಗೆ ನೋಡುತ್ತೀಯ? ಕಾಲೇಜಿನ ನಾಟಕಗಳಲ್ಲಿ ನಾನು ನಿಮಗೆಲ್ಲ ನಟನೆ ಹೇಳಿಕೊಟ್ಟವಳು.

ಫೋನು ಕೆಳಗಿಡು. ಇಡು ಎಂದೆ. ನಮ್ಮ ಮನೆಯವರಿಗೆ ಕರೆ ಮಾಡುವುದೇನೂ ಬೇಡ. ಶಾಂತಮಲ್ಲಪ್ಪನವರಿಗೆ ಪರೀಕ್ಷೆ ಎಂದರೆ ಅರ್ಥವಾಗುವುದಿಲ್ಲ, ಗಾಬರಿ ಮಾತ್ರ ಅರ್ಥವಾಗುತ್ತದೆ. ಒಲೆಯ ಮೇಲೆ ಒಂದು ಪಾತ್ರೆ ಹಾಲು ಸೀದುಹೋಯಿತು ಎಂಬುದಕ್ಕೆ ಎಷ್ಟು ರಾದ್ಧಾಂತ! 'ಇನ್ನೊಂದು ಸಲ ಯಾರಾದ್ರೂ ಊರಿಂದ ಫೋನ್ ಮಾಡ್ಲಿ, ಒಬ್ಳೇ ಬಸ್ಸು ಹತ್ತೋದು ಅಲ್ಲಿಗೆ ಮುಗೀತು ಕಣೇ' ಎಂದಿದ್ದಾರೆ. ಯೋಚಿಸು. ನಮ್ಮದೇ ತೋಟದ ಗೇಟು ದಾಟಲು ನಾನು ಅಪ್ಪಣೆ ಕೇಳಬೇಕಂತೆ! ನಾನು! ಶುಕ್ರವಾರದ ವೇದಿಕೆಗೂ ಅವರೇ ಕೈ ಹಿಡಿದು ಹತ್ತಿಸುತ್ತಾರೇನೋ. ಅಂಥ ವೇದಿಕೆ ನನಗೆ ಬೇಡ. ಹಾಗಾಗಿ, ಫೋನು ಅಲ್ಲೇ ಇರಲಿ. ಮಾತು ಕೊಡು... ಹ್ಞಾಂ. ತಲೆಯಾಡಿಸಿದೆ, ನೋಡಿದ್ದೇನೆ.

ಈಗ ಅಂಕಗಳು. ಕ್ಯಾಂಟೀನಿನ ರುದ್ರಯ್ಯ, ನೂರಕ್ಕೆ ಎಪ್ಪತ್ತು. ನನ್ನನ್ನು ನೋಡಿದ ಕೂಡಲೇ ಡಬ್ಬಿಯಿಂದ ಒಂದು ಹಿಡಿ ಕಾಫಿ ಚೆರ್ರಿ ತೆಗೆದು, 'ಸುಲೋಚನಾ ಮೇಡಮ್ನೋರೇ, ಇದೊಂಚೂರು ನೋಡೇಳಿ, ಒಣಗೈತಾ?' ಎಂದ. ಒಳ್ಳೆಯದು. ಬೆಂಚು ಒರೆಸಿ ಕೂರಿಸಿದ. ಅದೂ ಒಳ್ಳೆಯದು. ಆಮೇಲೆ ಮಾಡಿದ ತಪ್ಪೇನು ಗೊತ್ತೇ? ಅತ್ತುಬಿಟ್ಟ! ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋದ. ಒಗ್ಗರಣೆಯ ಹೊಗೆ ಎಂದು ನೆಪ ಹೇಳಿದ, ಒಲೆ ಆರಿತ್ತು. ಪರೀಕ್ಷೆಯ ನಡುವೆ ಅಳುವುದು ಯಾವ ನಿಯಮದಲ್ಲಿದೆ? ಅದಕ್ಕೇ ಮೂವತ್ತು ಕಳೆದೆ.

ಆಟೋ ಭೂತಯ್ಯ, ಎಂಬತ್ತು. 'ಅಮ್ಮಾರೇ, ಬನ್ನಿ ಬನ್ನಿ, ಈ ಚೆರ್ರಿ ಒಸಿ ಅಲ್ಲಾಡ್ಸಿ ನೋಡಿ' ಎಂದು ಹೇಳಿ ಸೀಟಿನಲ್ಲಿ ಕೂರಿಸಿ, ನಿನ್ನ ಅಂಗಡಿಯ ಬಾಗಿಲಿಗೇ ತಂದು ಬಿಟ್ಟ. ಬಾಡಿಗೆಯನ್ನೂ ಮುಟ್ಟಲಿಲ್ಲ.

ಮತ್ತೆ ನೀನು. ನಿನಗೆ ನೂರಕ್ಕೆ ನೂರು! ಒಳಗೆ ಕಾಲಿಟ್ಟಿದ್ದೇ ತಡ, ನನ್ನ ಕೈಗೆ ಚೆರ್ರಿ. ನಾನಿನ್ನೂ ನಟನೆ ಶುರುವೇ ಮಾಡಿರಲಿಲ್ಲ... ಅಷ್ಟು ಚುರುಕು.

ಅದೇನು ಗಲಗಲ ಎಂದಿತು? ನನ್ನ ಚೀಲವೇ? ಕನ್ನಡಕದ ಪೆಟ್ಟಿಗೆ ಇರಬೇಕು. ಬಿಡು.

ನೆನಪಿದೆಯೇ, ಈ ಚೆರ್ರಿಗಿಂತ ಮೊದಲು ನಾವು ಯಾವ ಗುರುತಿನ ಮಾತು ಇಟ್ಟುಕೊಂಡಿದ್ದೆವೆಂದು? 'ಕಾಫಿ ಆಯ್ತಾ?' ಅಯ್ಯೋ, ನಮ್ಮ ಬುದ್ಧಿಯೇ! ದಿಕ್ಕು ತೋಚದೆ ನಿಂತ ಹಿರಿಯರನ್ನು ಕಂಡರೆ ಒಬ್ಬರು 'ಕಾಫಿ ಆಯ್ತಾ?' ಎನ್ನಬೇಕು, ಅದು ಕಿವಿಗೆ ಬಿದ್ದ ಇನ್ನೊಬ್ಬರು ಓಡಿಬಂದು ಕೂರಿಸಬೇಕು. ಸಭೆಯಲ್ಲಿ ಎಲ್ಲರೂ ಗಂಭೀರವಾಗಿ ಒಪ್ಪಿದೆವು. ಈ ಸೀಮೆಯಲ್ಲಿ ಕಾಫಿ ಆಯ್ತಾ ಎನ್ನದೆ ಇಬ್ಬರು ಎದುರಾಗುವುದುಂಟೇ ಎಂದು ಒಬ್ಬರಿಗಾದರೂ ಹೊಳೆಯಿತೇ? ಮಾರನೆಯ ದಿನ ತಾಲ್ಲೂಕು ಕಚೇರಿಗೆ ಹೊಸದಾಗಿ ಬಂದಿದ್ದ ಅಧಿಕಾರಿಗೆ ರುದ್ರಯ್ಯ ಅಭ್ಯಾಸಬಲದಿಂದ 'ಕಾಫಿ ಆಯ್ತಾ ಸಾರ್?' ಎಂದ. ಅಷ್ಟೇ. ಭೂತಯ್ಯ ಹಾರಿಬಂದು ಅವರ ಕೈ ಹಿಡಿದು, 'ಹೆದರ್ಕೋಬ್ಯಾಡಿ ಯಜಮಾನ್ರೇ, ನಾವಿದೀವಿ' ಎಂದು ಆಟೋದೊಳಗೆ ತಳ್ಳಿಬಿಟ್ಟ! ಪಾಪ, ಆ ಮನುಷ್ಯ ನಾನು ಅಧಿಕಾರಿ, ನಾನು ಅಧಿಕಾರಿ ಎಂದು ಕೂಗಿಕೊಂಡಷ್ಟೂ ಇವನು, 'ಹೂಂ ಸಾರ್, ನೀವೇ ಅಧಿಕಾರಿ, ಯಾರು ಇಲ್ಲ ಅಂದ್ರು?' ಎಂದು ಬೆನ್ನು ಸವರುತ್ತಿದ್ದನಂತೆ.

ನಗು, ಈಗ ನಗಬಹುದು. ಇದಕ್ಕೆ ಅನುಮತಿಯಿದೆ.

ಬಿಡಿಸಿಕೊಂಡು ಬಂದ ಮೇಲೆ ಆ ಅಧಿಕಾರಿ ಕೊಟ್ಟ ಸಲಹೆ ಅದಕ್ಕಿಂತ ಚೆನ್ನ. ಒಂದು ಬೋರ್ಡು ಹಾಕಿಸಿ ಮೇಡಂ, 'ಮರೆವು ಇರುವವರು ಇಲ್ಲಿ ಕುಳಿತುಕೊಳ್ಳಿ'. ನಾನು ಕೇಳಿದೆ, ಸ್ವಾಮಿ, ತನಗೆ ಮರೆವಿದೆ ಎಂದು ಯಾರಿಗೆ ನೆನಪಿರುತ್ತದೆ? ನೆನಪಿದ್ದರೂ, ಮಾನವಂತರು ಯಾರು ಅಂಥ ಬೋರ್ಡಿನ ಕೆಳಗೆ ಕೂರುತ್ತಾರೆ?

ಯಾರೂ ಕೂರುವುದಿಲ್ಲ. ನಾನಂತೂ ಕೂರುವುದಿಲ್ಲ.

ಕೊನೆಗೆ ದಾರಿ ತೋರಿಸಿದ್ದು ರೈಟರ್ ವೀರಯ್ಯ. ಅವತ್ತು ನೀನಿರಲಿಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಒಂದು ಲೈನಿನ ಕೂಲಿಯವರನ್ನೆಲ್ಲ ಕಣ್ಸನ್ನೆಯಲ್ಲಿ ಆಳಿದ ಮನುಷ್ಯ, ಬಸ್‌ಸ್ಟ್ಯಾಂಡಿನ ಕಂಬ ಹಿಡಿದು ನಿಂತಿದ್ದ. ಸುತ್ತಲೂ ಜನ. ಯಾವೂರು? ಹೆಸರೇನು? ಮಗನ ಹೆಸರು ಗೊತ್ತಾ? ಒಂದೊಂದು ಪ್ರಶ್ನೆಗೂ ಅವನ ಮುಖ ಇನ್ನಷ್ಟು ಕೆಂಪಾಗುತ್ತಿತ್ತು. ಕೊಡೆ ಎತ್ತಿ ಬೀಸಿಯೇ ಬಿಟ್ಟ. ಆಗ ಈ ರುದ್ರಯ್ಯ, ಕ್ಯಾಂಟೀನಿನ ಮುಂದೆ ಚೀಲ ಹಾಸಿ ಮನೆಯ ಚೆರ್ರಿ ಒಣಹಾಕಿದ್ದನಲ್ಲ, ಅಲ್ಲಿಂದಲೇ, 'ರೈಟ್ರೇ, ಜಗಳ ಆಮೇಲಾಡೀರಂತೆ, ಇದು ಒಣಗೈತಾ ನೋಡೇಳಿ ಮಾರಾಯ್ರೇ' ಎಂದ. ಅವನಿಗೆ ನಿಜಕ್ಕೂ ಅದು ಗೊತ್ತಾಗಬೇಕಿತ್ತು, ಅಷ್ಟೇ! ವೀರಯ್ಯ ಕೊಡೆ ಇಳಿಸಿದ. ಕೂತ. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ಸಿಪ್ಪೆಯೊಳಗೆ ಬೀಜ ಗಲಗಲ ಎನ್ನಬೇಕಲ್ಲ, ಎನ್ನಲಿಲ್ಲ. 'ಇನ್ನೂ ಎರಡು ಬಿಸಿಲು ಬೇಕು ಕಣೋ' ಎಂದ. ಆ ದನಿ, ನೇತ್ರಾ! ಇಡೀ ಎಸ್ಟೇಟು ಆ ದನಿಯಲ್ಲಿ ವಾಪಸ್ಸು ಬಂದಿತ್ತು. ಮಗ ಬರುವವರೆಗೂ ಅಲ್ಲೇ ಕೂತು ರುದ್ರಯ್ಯನಿಗೆ ಕಾಫಿ ಒಣಗಿಸುವ ಪಾಠ ಮಾಡಿದ.

ಅವತ್ತೇ ನಿಯಮ ಮಾಡಿದೆ. ಪ್ರತಿ ಅಂಗಡಿಯಲ್ಲೂ ಒಂದು ಡಬ್ಬಿ ಚೆರ್ರಿ. ಪ್ರಶ್ನೆ ಕೇಳಬೇಡಿ, ಅಭಿಪ್ರಾಯ ಕೇಳಿ. ಕೂರಿಸಿ. ಅವರು ಏನು ಹೇಳಿದರೂ ಹೂಂ ಎನ್ನಿ. ಇಲ್ಲ, ತಪ್ಪು, ಹಾಗಲ್ಲ ಎಂಬ ಮಾತು ಬಾಯಿಂದ ಬರಬಾರದು. ಮನೆಯವರು ಬರುವವರೆಗೆ ಕೇಳಿಸಿಕೊಳ್ಳುತ್ತಾ ಇರಿ. ಬುದ್ಧಿವಂತ ನಿಯಮ, ನಾನೇ ಹೇಳಿಕೊಳ್ಳಬೇಕು. ಬೇರೆ ಯಾರು ಹೇಳುತ್ತಾರೆ?

ಸರಿ, ಹೊರಡುತ್ತೇನೆ. ಬಂದದ್ದು ನನ್ನ ನೀಲಿ ರವಿಕೆಗೆ. ಕನಕಾಂಬರ ಬಣ್ಣದ ಅಂಚು ಕೊಡು ಎಂದಿದ್ದೆನಲ್ಲ. ಹೊಲಿದಾಗಿಲ್ಲವೇ?... ಹೂಂ ಎಂದರೆ ಏನರ್ಥ? ಆಯಿತೋ, ಇಲ್ಲವೋ?... ಮತ್ತೆ ಹೂಂ. ಇರಲಿ, ಅವಸರವಿಲ್ಲ. ಶುಕ್ರವಾರದೊಳಗೆ ಕೊಟ್ಟರಾಯಿತು. ಅದನ್ನೇ ತೊಟ್ಟು ವೇದಿಕೆ ಹತ್ತುತ್ತೇನೆ.

ಮಿಷನ್ ಏಕೆ ನಿಂತಿತು?

ಏನು ನೋಡುತ್ತಿದ್ದೀಯ? ನನ್ನ ತೋಳನ್ನೇಕೆ...

ಈ ಕನ್ನಡಿ ಮೊದಲು ಆ ಗೋಡೆಗಿತ್ತಲ್ಲವೇ.

ಅಂಚು ಚೆನ್ನಾಗಿ ಬಂದಿದೆ. ಕನಕಾಂಬರವೇ. ತೋಳೂ ಸರಿಯಾಗಿದೆ, ಎಲ್ಲೂ ಬಿಗಿಯಿಲ್ಲ. ನಿನ್ನ ಕೈಗೆ ಒಗ್ಗಿದ ಕೆಲಸ... ನನಗೆ ಗೊತ್ತಿತ್ತು. ಇದೂ ಪರೀಕ್ಷೆಯೇ! ಕೊನೆಯ ಪ್ರಶ್ನೆ. ತೊಟ್ಟುಕೊಂಡ ರವಿಕೆಯನ್ನು ಹೊಲಿದಾಯಿತೇ ಎಂದು ಕೇಳಿದರೆ ನೇತ್ರಾವತಿ ಏನು ಮಾಡುತ್ತಾಳೆ, ನೋಡೋಣ ಎಂದು. ನೀನು ಹೂಂ ಎಂದೆ. ಸರಿಯುತ್ತರ. ಪೂರ್ತಿ ಅಂಕ. ಇರು, ಚೀಲದಲ್ಲಿ ಒಂದು ಪೆನ್ನಿದೆ, ಬರೆದೇ ಕೊಡುತ್ತೇನೆ...

ಅಯ್ಯೋ, ಹಿಡಿ, ಹಿಡಿ, ಉರುಳಿಹೋಗುತ್ತಿವೆ. ಬಟ್ಟೆಯ ಕೆಳಗೆ ಹೋಯಿತು ನೋಡು.

ಇಷ್ಟೊಂದು ಚೆರ್ರಿಯೇ?

ನಾನು ಹೋದದ್ದು ರುದ್ರಯ್ಯನ ಹತ್ತಿರ, ಆಮೇಲೆ ಭೂತಯ್ಯ, ಆಮೇಲೆ ಇಲ್ಲಿ. ಇದು ರೋಬಸ್ಟಾ, ರುದ್ರಯ್ಯನ ಡಬ್ಬಿಯದು. ಇದು ಅರೇಬಿಕಾ. ಇದು ಯಾರದು? ಇದು ಹುಳು ಹೊಡೆದಿದೆ, ಇಂಥದ್ದನ್ನು ಯಾವ ಅಂಗಡಿಯವರು ಇಟ್ಟುಕೊಂಡಿದ್ದಾರೆ? ಇದಂತೂ ಹಳೆಯದು, ಎಷ್ಟೋ ದಿನ ಚೀಲದಲ್ಲೇ ಉಜ್ಜಿ ನುಣ್ಣಗಾಗಿದೆ... ಇಷ್ಟು ಜನ ನನ್ನನ್ನು ಕೂರಿಸಿದ್ದಾರೆಯೇ? ಇಷ್ಟು ಸಲ?

ಹೇಳು.

ಇಲ್ಲ, ಹೆಕ್ಕಬೇಡ. ಬಿಡು, ಬಿದ್ದಿರಲಿ. ನನ್ನ ಮುಖ ನೋಡಿ ಹೇಳು. ನೀನು ಯಾವಾಗಿನಿಂದ ಇಷ್ಟು ಒಳ್ಳೆಯವಳಾದೆ, ನೇತ್ರಾ? ಇಡೀ ತರಗತಿಯಲ್ಲಿ ನನ್ನೊಂದಿಗೆ ವಾದಿಸುತ್ತಿದ್ದವಳು ನೀನೊಬ್ಬಳೇ. ನಾನು ಬಿಳಿ ಎಂದರೆ ಕಪ್ಪು. ಪಾಠ ಅರ್ಧಕ್ಕೆ ನಿಲ್ಲಿಸಿ ಎದ್ದು ನಿಲ್ಲುತ್ತಿದ್ದೆ, 'ಮಿಸ್, ಅದು ಹ್ಯಾಗಾಗ್ತದೆ?' ಎಂದು. ಇವತ್ತು ಇಷ್ಟು ಹೊತ್ತಿನಿಂದ ಮಾತಾಡುತ್ತಿದ್ದೇನೆ, ಒಂದೇ ಒಂದು ಸಲ ಇಲ್ಲ ಎನ್ನಲಿಲ್ಲ ನೀನು.

ಬಾ, ಹಳೆಯ ಲೆಕ್ಕದಲ್ಲೇ ನೋಡೋಣ. ಮರೆವಿರುವವರೊಂದಿಗೆ ಯಾರೂ ವಾದಿಸಬಾರದು. ನೇತ್ರಾವತಿ ಸುಲೋಚನಮ್ಮನೊಂದಿಗೆ ವಾದಿಸುತ್ತಿಲ್ಲ. ಆದ್ದರಿಂದ ಸುಲೋಚನಮ್ಮ... ತಪ್ಪು! ತೀರ್ಮಾನ ತಪ್ಪು, ಗೊತ್ತಾಗಲಿಲ್ಲವೇ? ವಾದಿಸದಿರಲು ನೂರು ಕಾರಣ ಇರಬಹುದು. ನಿನಗೆ ಗಂಟಲು ನೋವಿರಬಹುದು. ವಯಸ್ಸಾಗಿ ವಿನಯ ಬಂದಿರಬಹುದು. ಹದಿನೇಳನೆಯ ವಯಸ್ಸಿನಲ್ಲಿ ಇದನ್ನು ಥಟ್ಟನೆ ಹಿಡಿಯುತ್ತಿದ್ದವಳು ನೀನು. ಹಿಡಿ. ಎದ್ದು ನಿಲ್ಲು. 'ಮಿಸ್, ಅದು ಹ್ಯಾಗಾಗ್ತದೆ' ಎನ್ನು. ಒಂದು ಸಲ ತಪ್ಪು ಎನ್ನು ನನಗೆ. ನಿಯಮ ಮಾಡಿದವಳು ನಾನು, ನಾನೇ ಹೇಳುತ್ತಿದ್ದೇನೆ, ಇವತ್ತೊಂದು ದಿನ ಮುರಿ.

ರಸ್ತೆಯ ಕಡೆ ಏಕೆ ನೋಡುತ್ತೀಯ?

ನೀನು ನೀರು ತರಲು ಒಳಗೆ ಹೋದಾಗಲೇ ನಮ್ಮ ಮನೆಯವರಿಗೆ ಫೋನು ಮಾಡಿದೆ. ಅಲ್ಲವೇ? ಆಮೇಲೆ ನಾನು ಕೆಳಗಿಡು ಎಂದಾಗ ಎಷ್ಟು ವಿಧೇಯಳಾಗಿ ಇಟ್ಟೆ!

ಕಳ್ಳಿ.

ಕಣ್ಣೊರೆಸಿಕೋ. ಎಪ್ಪತ್ತಕ್ಕೆ ಇಳಿಸಿಬಿಡುತ್ತೇನೆ ನೋಡು, ರುದ್ರಯ್ಯನ ಜೊತೆಗೆ. ನನಗೂ ಬೆಳಗ್ಗೆ ಬಸ್ಸಿನಿಂದ ಇಳಿದಾಗ... ಏಕೆ ಇಳಿದೆ ಎಂದು ತಿಳಿಯಲಿಲ್ಲ, ಅಷ್ಟೇ. ಪರೀಕ್ಷೆ ಎಂಬುದು ಆಮೇಲೆ ಹೊಳೆಯಿತು. ಒಳ್ಳೆಯ ಉಪಾಯ, ಅಲ್ಲವೇ? ಶುಕ್ರವಾರವೂ ಇದನ್ನೇ ಹೇಳುತ್ತೇನೆ. ಇದನ್ನಷ್ಟೂ. ಈ ಚೀಲವನ್ನು ಮೇಜಿನ ಮೇಲೆ ಸುರಿದು. ಹೇಳಲು ಮರೆತರೆ ನೀನು ಮುಂದಿನ ಸಾಲಿನಲ್ಲಿ ಕೂತಿರು, ಒಂದು ಹಿಡಿ ಅಲ್ಲಾಡಿಸು.

ಅದು ನಮ್ಮ ಜೀಪಿನ ಸದ್ದು. ಸೈಲೆನ್ಸರ್ ಸರಿಮಾಡಿಸಿ ಎಂದು ಎಷ್ಟು ಸಲ ಹೇಳಿದ್ದೇನೆ... ಇಳಿದರು. ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದಿದ್ದಾರೆ ಪುಣ್ಯಾತ್ಮರು, ಅಷ್ಟು ಗಾಬರಿ. ನೋಡು, ಬಾಗಿಲಲ್ಲಿ ನಿಂತುಬಿಟ್ಟರು, ಏನು ಹೇಳಬೇಕೆಂದೇ ತೋಚುತ್ತಿಲ್ಲ. ಪಾಪ, ಯಾರೂ ಅವರಿಗೆ ನಿಯಮ ಹೇಳಿಕೊಟ್ಟಿಲ್ಲ. ಆ ಸ್ಟೂಲು ಈಚೆಗೆ ಎಳೆ, ನೇತ್ರಾ. ಆ ಹುಳು ಹೊಡೆದದ್ದು ಬೇಡ, ಒಳ್ಳೆಯದು ಒಂದು ಹಿಡಿ ಕೊಡು.

ಬನ್ರೀ, ಒಳಗೆ ಬನ್ನಿ. ಕೂತ್ಕೊಳ್ಳಿ ಮೊದಲು. ಜಗಳ ಆಮೇಲೆ. ಕೈ ಚಾಚಿ... ಹ್ಞಾಂ. ಈ ಚೆರ್ರಿ ಒಣಗಿದೆಯಾ, ನೋಡಿ ಹೇಳಿ.