ಅಕ್ಕನ ಪಕ್ಕ ನಿಂತವಳು

…ಅದನ್ನೇ ಹೇಳ್ತಿರೋದು ಕಣೇ, ನೆಗೆಟಿವ್‌ನಲ್ಲಿ ಇಲ್ಲದ್ದು ಪ್ರಿಂಟಿಗೆ ಎಲ್ಲಿಂದ ಬರಬೇಕು? ನಿಮ್ಮಪ್ಪ ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು, ಮಂತ್ರವಾದಿಯಲ್ಲ. ಹಿಡಿ, ಬಲ್ಬಿಗೆ ಅಡ್ಡ ಹಿಡಿದು ನೋಡು. ಅಂಚು ಮಾತ್ರ ಮುಟ್ಟು. ಈ ದಟ್ಟಗೆ ಕಾಣೋದು ನಿನ್ನ ಅಕ್ಕ. ನೆಗೆಟಿವ್ ಅಲ್ವಾ, ಬೆಳ್ಳಗಿರೋದೇ ಕಪ್ಪಾಗುತ್ತೆ. ಪಕ್ಕದಲ್ಲಿ ಖಾಲಿ ಇದೆಯಲ್ಲ, ಆಚೆಯ ಬಲ್ಬು ಕಾಣ್ತಿದೆಯಲ್ಲ… ಅದು ನೀನು.

ಯಾಕೆ ನಗ್ತೀಯ?

ನಿನ್ನ ಮಗು ಥೇಟ್ ನಿನ್ನ ಹಾಗೇ ಅಂತ ಎಲ್ರೂ ಅಂತಾರೆ, ಸರಿ. ಆ ವಯಸ್ಸಲ್ಲಿ ನಿನ್ನ ಮುಖ ಹೇಗಿತ್ತು ಅಂತ ನೋಡ್ಬೇಕು ಅಂತೀಯ, ಅದೂ ಸರಿ. ಅದಕ್ಕೇ ಬೆಳಗ್ಗೆಯಿಂದ ಡಾರ್ಕ್‌ರೂಮಲ್ಲಿ ಕೂತು ಬೆವರು ಸುರಿಸಿದ್ದು. ತಗೋ. ಮುಖಕ್ಕೆ ಮರಳು ಎರಚಿದ ಹಾಗಿದೆ. ಅದಕ್ಕೇ ಗ್ರೇನು ಅನ್ನೋದು. ಏನೂ ಇಲ್ಲದ ಜಾಗದಿಂದ ಮುಖ ಎಳೆದು ತೆಗೀತೀನಿ ಅಂದ್ರೆ ಇಷ್ಟೇ ಸಿಗೋದು.

ಬೆಳಕು ಅಳೆಯೋ ಮೀಟರನ್ನ ಯಾರ ಕೆನ್ನೆಗೆ ಹಿಡೀಬೇಕು? ಅಷ್ಟೇ ಪ್ರಶ್ನೆ. ನಿನ್ನದಕ್ಕೆ ಹಿಡಿದಿದ್ರೆ ಅಕ್ಕ ಸುಣ್ಣ ಬಳಿದ ಗೋಡೆ ಆಗ್ತಿದ್ಲು. ಅವಳದಕ್ಕೆ ಹಿಡಿದೆ. ಯಾರಾದ್ರೂ ಹಾಗೇ ಮಾಡ್ತಿದ್ರು…

ಹೌದಮ್ಮ, ಪ್ರತಿ ಸಲಾನೂ ಅವಳದಕ್ಕೇ. ಆ ಫಿಲ್ಮಿನ ಯೋಗ್ಯತೆಯೇ ಅಷ್ಟು. ಕಪ್ಪಿನೊಳಗಿನ ಕಪ್ಪನ್ನ ಬಿಡಿಸಿ ತೋರಿಸೋ ತಾಕತ್ತು ಅದಕ್ಕಿರಲಿಲ್ಲ. ಇದರಲ್ಲಿ ಪ್ರೀತಿ ಗೀತಿ ಎಳೀಬೇಡ. ಫಿಲ್ಮಿನ ಮೇಲಿರೋ ಬೆಳ್ಳಿಯ ಕಣಕ್ಕೆ ಇವಳು ದೊಡ್ಡ ಮಗಳು, ಇವಳು ಚಿಕ್ಕ ಮಗಳು ಅಂತೆಲ್ಲ ಗೊತ್ತಾಗಲ್ಲ.

ನಿನ್ನೊಬ್ಬಳದೇ ಫೋಟೋನಾ? ತೆಗೆದಿರ್ತೀನಿ… ಎಲ್ಲೋ ಇರುತ್ತೆ. ಆ ನೆಗೆಟಿವ್ ಪಟ್ಟಿ ಬಿಡು, ಅದರಲ್ಲಿ ನೀನಿಲ್ಲ.

ಬಿಡು ಅಂದೆನಲ್ಲ.

ನಾಯಿ ಕಣೇ ಅದು. ನಮ್ಮ ಕರಿಯ. ಮೈಯೆಲ್ಲ ಅಚ್ಚಗಪ್ಪು, ಆದ್ರೂ ಒಂದೊಂದು ಕೂದಲೂ ಬೇರೆಬೇರೆ ಕಾಣುತ್ತೆ ನೋಡು. ಮೂಗಿನ ತೇವ ಕೂಡ. ಫೋಟೋ ಪ್ರದರ್ಶನದಲ್ಲಿ ಜನ ಇದರ ಮುಂದೆಯೇ ಗುಂಪು ಕಟ್ಟಿದ್ರು. ಕಪ್ಪು ನಾಯಿ ಫೋಟೋ ತೆಗೆಯೋದು ಸುಲಭ ಅಂದ್ಕೊಂಡ್ಯಾ? ಅದರ ಮೈಗೇ ಮೀಟರ್ ಹಿಡಿದು, ನೆಲದ ಮೇಲೆ ಮಂಡಿಯೂರಿ, ಅದು ಬೆಳಕಿನ ಕಡೆ ಮುಖ ತಿರುಗಿಸೋವರೆಗೂ ಕಾದು…

ಏನು ಹಾಗೆ ನೋಡ್ತೀಯ?

ಎರಡೂ ಪಟ್ಟಿ ಯಾಕೆ ಜೋಡಿಸಿ ಹಿಡೀತೀಯ, ಮಗಳೇ?

…ಹೌದು. ನಿಮ್ಮಿಬ್ಬರ ಫೋಟೋ ಇರೋ ಅದೇ ರೋಲು. ಅದೇ ಮಧ್ಯಾಹ್ನ.